ಬಾಗಿಲ ಮೇಲಿನ ಹುದ್ದೆ

ಸಹಿ ಮಾಡಬೇಕಾದ ಗೆರೆಯ ಕೆಳಗೆ ಅವನ ಹೆಸರನ್ನು ಆಗಲೇ ಟೈಪು ಮಾಡಿದ್ದರು. ಥ್ಯಾಡಿಯಸ್ ಮೇಬ್ರಿ, ಉಪ ಪ್ರಾಂಶುಪಾಲ. ಏನು ಉಪವೋ, ಏನು ಪ್ರಾಂಶುಪಾಲನೋ. ಬೆಳಗಿನಿಂದ ಅವನು ಮಾಡಿದ್ದು ಹರಿದ ಭೂಗೋಳದ ಪುಸ್ತಕಗಳಿಗೆ ಅಂಟು ಹಚ್ಚುವ ಕೆಲಸ.

"ಓದೋದೇನೂ ಇಲ್ಲ ಥ್ಯಾಡಿಯಸ್," ಎಂದ ಹ್ಯಾಸ್ಕೆಲ್. ಪ್ರಾಂಶುಪಾಲ, ಬಿಳಿಯ, ಮೇಬ್ರಿಗಿಂತ ಹದಿನೈದು ವರ್ಷ ಚಿಕ್ಕವನು. "ಕರಿಯ ಸಿಬ್ಬಂದೀನ ಸಮಾನವಾಗಿ ನಡೆಸ್ಕೊಳ್ತಿದೀರಾ ಅಂತ ಕೋರ್ಟು ಕೇಳಿದೆ. ಹೌದು ಅಂತ ಬರೆದಿದೀವಿ. ನಾಳೆ ಅವರ ಕಡೆಯವರು ನೋಡೋಕೆ ಬರ್ತಾರೆ."

"ನಾನು ಸಹಿ ಹಾಕದಿದ್ರೆ?"

"ಹಾಕ್ಬೇಡ. ಉಳಿದಿರೋ ನಿಮ್ಮ ನಾಲ್ಕು ಜನ ಮೇಷ್ಟ್ರ ಮುಂದಿನ ವರ್ಷದ ಕರಾರು ನನ್ನ ಮೇಜಿನ ಮೇಲೇ ಇದೆ."

"ಸಂಜೆ ಗಂಟೆ ಹೊಡೆಯೋದ್ರೊಳಗೆ ಕೊಡ್ತೀನಿ ಸಾರ್," ಎಂದುಬಿಟ್ಟ ಮೇಬ್ರಿ. ರೇಗಿತು, ಹ್ಯಾಸ್ಕೆಲನ ಮೇಲಲ್ಲ, ಆ ಸಾರ್ ಎಂದ ತನ್ನ ನಾಲಿಗೆಯ ಮೇಲೆ.

ಕರಿಯರಿಗೂ ಬಿಳಿಯರಿಗೂ ಶಾಲೆ ಬೇರೆಯಾದರೆ ಸಮಾನತೆ ಇಲ್ಲ ಎಂದು ವಾಷಿಂಗ್ಟನ್ನಿನಲ್ಲಿ ತೀರ್ಪಾದ ದಿನ ಅವನು ಮಕ್ಕಳಿಗೆ ರಜೆ ಕೊಟ್ಟಿದ್ದ. ಆಗ ಕರಿಯರ ಶಾಲೆಗೆ ಅವನೇ ಪ್ರಾಂಶುಪಾಲ. ಶಾಲೆಗಳು ಒಂದಾಗಲಿ ಎಂಬ ಅರ್ಜಿಗೆ ಸಹಿ ಹಾಕಿಸಲು ಮನೆಮನೆ ಅಲೆದವನೂ ಅವನೇ. ಜಾರ್ಜಿಯಾದ ಈ ಊರು ಹದಿನಾರು ವರ್ಷ ಮೀನಮೇಷ ಎಣಿಸಿತು. ಗೋಡೆ ಒಡೆಯಲೇಬೇಕು ಎಂದು ಕೋರ್ಟು ಗದರಿದಾಗ ಒಡೆದರು, ಕರಿಯರ ಶಾಲೆಯ ಗೋಡೆಯನ್ನು. ಮಕ್ಕಳು ಬಿಳಿಯರ ಈ ಶಾಲೆಗೆ ಬಂದರು. ಇಪ್ಪತ್ತೊಂದು ಮೇಷ್ಟರಲ್ಲಿ ಹದಿನೇಳು ಮಂದಿ ಎಲ್ಲಿಗೂ ಬರಲಿಲ್ಲ.

ಮಧ್ಯಾಹ್ನ ಮಿಸ್ ಪ್ರೂಯಿಟ್ ಬಂದಳು. ಹದಿನೇಳರಲ್ಲಿ ಒಬ್ಬಳು. ಇಪ್ಪತ್ತೆರಡು ವರ್ಷ ಲ್ಯಾಟಿನ್ ಕಲಿಸಿದವಳು ಈಗ ಬಿಳಿಯರ ಮನೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಎರಡನೆಯ ಕುರ್ಚಿ ಇಲ್ಲದ್ದರಿಂದ ಪುಸ್ತಕದ ರಾಶಿಯ ಮೇಲೆ ಕೂತಳು.

"ಆ ಕಾಗದಕ್ಕೆ ಸಹಿ ಹಾಕ್ಬೇಡಿ ಪ್ರೊಫೆಸರ್," ಎಂದಳು, ಹಳೆಯ ಶಾಲೆಯವರೆಲ್ಲ ಅವನನ್ನು ಕರೆಯುತ್ತಿದ್ದ ಹಾಗೆ. "ನೀವೇ ಸಮಾನ ಅಂದ್ಬಿಟ್ರೆ ಕೋರ್ಟಲ್ಲಿರೋ ನಮ್ಮ ಕೇಸು ಅಲ್ಲಿಗೆ ಮುಗೀತು."

"ಉಳಿದೋರು ನಾಲ್ವರು ಇದಾರಲ್ಲ."

"ಕೆಲಸ ಹೋದ ಹದಿನೇಳು ಜನರ ಪಟ್ಟಿ ನಮಗೆ ಓದಿ ಹೇಳಿದ್ದು ನೀವೇ. ಅವತ್ತೂ ಉಳಿದೋರು ಇದಾರಲ್ಲ ಅಂದ್ರಿ."

"ಕಾಫಿ ತರಿಸ್ಲಾ?"

"ಯಾರ ಕೈಲಿ ತರಿಸ್ತೀರಿ?"

ಅವಳು ಲಂಗಕ್ಕೆ ಹತ್ತಿದ ಧೂಳು ಕೊಡವಿ ಹೊರಟುಹೋದಳು. ನಾಚಿಕೆಯಾಯಿತು. ನಾಚಿಕೆಯೂ ಬೇಸರ ಬರಿಸುವಷ್ಟು ಹಳತಾಗಿತ್ತು.

ಮೂರು ಗಂಟೆಯ ಹೊತ್ತಿಗೆ ಬಡಗಿಯೊಬ್ಬ ಬಂದ. ಬಿಳಿಯ, ಇಪ್ಪತ್ತೈದಿರಬಹುದು. ಕೈಯಲ್ಲಿ ಹಿತ್ತಾಳೆಯ ಫಲಕ: ಉಪ ಪ್ರಾಂಶುಪಾಲರು. ಮೇಬ್ರಿಗೆ ಕೊಟ್ಟಿದ್ದು ಹಿಂದೆ ಪೊರಕೆ ಇಡುತ್ತಿದ್ದ, ಕಿಟಕಿಯಿಲ್ಲದ ಕೋಣೆ.

"ನಾಳೆಯೊಳಗೆ ಇದು ಬಾಗಿಲ ಮೇಲಿರ್ಬೇಕಂತೆ," ಎಂದು ಬಾಗಿಲನ್ನು ಅಲುಗಾಡಿಸಿ ನೋಡಿದ. "ತಿರುಗಣಿ ಸಡಿಲ. ನೀನು ಒಳಗೆ ಹೋಗಿ ಒತ್ತಿ ಹಿಡ್ಕೋ ಥ್ಯಾಡಿಯಸ್. ಇಲ್ದಿದ್ರೆ ತೂತು ಸೊಟ್ಟಗಾಗ್ತದೆ."

ಮೇಬ್ರಿ ಒಳಗೆ ಹೋದ. ಹೋಗಬೇಕಾಗಿಲ್ಲ ಎಂದು ಹೊಳೆಯುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಬಲ್ಬು ಕೆಟ್ಟು ತಿಂಗಳಾಗಿತ್ತು; ಬೆಳಕಿಗೆಂದು ಬಾಗಿಲನ್ನು ತೆರೆದೇ ಇಡುತ್ತಿದ್ದ. ಕತ್ತಲಲ್ಲಿ ಎರಡೂ ಅಂಗೈ ಮರಕ್ಕೆ ಒತ್ತಿ ನಿಂತ. ಕೋಟಿನ ಜೇಬಿನಲ್ಲಿ ಸಹಿಯಾಗದ ಕಾಗದ ಹಾಗೇ ಇತ್ತು.

ಬೈರಿಗೆ ಕೊರೆಯತೊಡಗಿತು. ಮರದ ಪುಡಿ ಅವನ ಟೈ ಮೇಲೆ ಉದುರಿತು. ಮೊನೆ ಈಚೆ ಬಂತು, ಎದೆಗೆ ಎರಡು ಬೆರಳು ದೂರದಲ್ಲಿ. ಸಂಜೆಯ ಗಂಟೆ ಹೊಡೆಯಿತು.

"ಬಿಡ್ಬೇಡ," ಎಂದ ಬಡಗಿ ಆಚೆಯಿಂದ. "ಇನ್ನೂ ಮೂರು ತೂತು ಇದೆ."

ಮೇಬ್ರಿ ಇನ್ನಷ್ಟು ಒತ್ತಿ ಹಿಡಿದ.