ಹಿತ್ತಲ ಬಾಗಿಲಿಂದ ಬನ್ನಿ

ಚಿಕ್ಕಪ್ಪ ಡ್ರಿಲ್ಲಿನ ಮೊನೆಯನ್ನು ಮುಂಬಾಗಿಲ ಬೀಗದ ಕಿಂಡಿಗೆ ಇಟ್ಟೇಬಿಟ್ಟಿದ್ದ. ಮಗಳು ಓಡಿ ಬಂದು ಕಿಂಡಿಗೆ ಅಂಗೈ ಅಡ್ಡ ಹಿಡಿದಳು.

"ಕೈ ತೆಗಿಯಮ್ಮ, ತೂತಾಗತ್ತೆ."

"ಆಗ್ಲಿ ಚಿಕ್ಕಪ್ಪ. ಒಳಗೆ ಮರಿಗಳಿವೆ."

"ಈ ಕಿಂಡಿ ಒಳಗೆ ಹುಳ ಇದೆ, ಈ ಮನೆ ಒಳಗೆ ನಮ್ಮಣ್ಣ ಇದ್ದಾನೆ. ಯಾರು ಹೆಚ್ಚು ನಿಂಗೆ?"

ಅವನದೂ ತಪ್ಪಲ್ಲ. ಅಣ್ಣ ನಿನ್ನೆ ಮಧ್ಯಾಹ್ನ ಊಟ ಮಾಡಿ ಮಲಗಿದವನು ಏಳಲೇ ಇಲ್ಲ. ಬೆಳಿಗ್ಗೆ ಬಂದ ಶವದ ಪೆಟ್ಟಿಗೆಯನ್ನು ಅಡುಗೆಮನೆಯ ಬಾಗಿಲಿಂದ ಒಳಗೆ ತರಲು ಎರಡು ಸಲ ನೋಡಿದರು. ಹಿತ್ತಲಿನ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡು ಗೋಡೆಯ ಗಾರೆ ಉದುರಿತೇ ಹೊರತು ಪೆಟ್ಟಿಗೆ ತಿರುಗಲಿಲ್ಲ. ಉಳಿದದ್ದು ಮುಂಬಾಗಿಲು. ಅದಕ್ಕೋ ಬೀಗ ಹಾಕಿ ಇಪ್ಪತ್ತೈದು ದಿನ ಆಗಿತ್ತು. ಕಿಂಡಿಯ ತುಂಬ ಹಸಿರು ಎಲೆಚೂರು, ಕೀಲಿ ಹೋಗುವಂತಿಲ್ಲ. ಸ್ಮಶಾನದವರು ಕೊಟ್ಟ ಹೊತ್ತು ಹನ್ನೊಂದು. ಜೀವಮಾನವೆಲ್ಲ ಬಸ್ಸು ಓಡಿಸಿ ಐದು ನಿಮಿಷ ತಡವನ್ನೂ ಸಹಿಸದ ಚಿಕ್ಕಪ್ಪ ಕಾಲು ಸುಟ್ಟ ಬೆಕ್ಕಿನ ಹಾಗೆ ಬೆಳಗಿನಿಂದ ಓಡಾಡುತ್ತಿದ್ದ.

ಬಾಗಿಲ ಮೇಲೆ ಸತ್ತವನದೇ ಅಕ್ಷರದ ರಟ್ಟು ತೂಗುತ್ತಿತ್ತು: 'ಇಲ್ಲಿ ಬಾಣಂತಿ ಇದ್ದಾಳೆ. ಹಿತ್ತಲ ಬಾಗಿಲಿಂದ ಬನ್ನಿ.'

"ಊರಿಗೆಲ್ಲ ಬಾಗಿಲು ತೆಗೆದುಕೊಟ್ಟೋರ ಮನೆ ಬಾಗಿಲೇ ತೆಗಿಯಲ್ವಲ್ಲಪ್ಪ" ಎಂದಳು ಪಕ್ಕದ ಮನೆಯ ನರ್ಸು. ಅಂಗಳದಲ್ಲಿ ನಿಂತವರು ನಕ್ಕರು, ನಕ್ಕಿದ್ದಕ್ಕೆ ನಾಚಿಕೊಂಡರು. ಬೀಗದಣ್ಣ ಎಂದೇ ಬೀದಿಗೆಲ್ಲ ಗೊತ್ತಿದ್ದ ಅವನು ಕೈಹಾಕದ ಬೀಗ ಅಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ಅಳುವುದಕ್ಕೆ ಅಂತ ಬಂದವರು ಅವನ ಉಪಕಾರವನ್ನೇ ಮಾತಾಡುತ್ತ ನಿಂತುಬಿಟ್ಟಿದ್ದರು.

"ನನ್ನ ಕಂದ ಒಳಗೆ, ನಾನು ಹೊರಗೆ, ಒಲೆ ಮೇಲೆ ಹಾಲು. ಬಾಗಿಲು ಹಾಕ್ಕೊಂಡ್ಬಿಡ್ತು" ಎಂದು ನರ್ಸು ಶುರುಮಾಡಿದಳು. "ಕೂಗಿದ್ದೇ ತಡ, ಅರ್ಧ ಗಡ್ಡ ಕೆರೆದು ಇನ್ನರ್ಧಕ್ಕೆ ಸೋಪಿನ ನೊರೆ ಇಟ್ಕೊಂಡೇ ಓಡಿ ಬಂದ್ರು. ಮುಖ ತೊಳ್ಕೊಂಡಾದ್ರೂ ಬರಬಾರದಾ ಅಣ್ಣ ಅಂದ್ರೆ, 'ತಮ್ಮ ಮನೆ ಹೊರಗೆ ನಿಂತೋರನ್ನ ಕಾಯಿಸಬಾರದು ನರ್ಸಮ್ಮ, ಗಡ್ಡ ಎಲ್ಲಿಗೂ ಓಡಿಹೋಗಲ್ಲ' ಅಂದ್ರು. ಅವತ್ತು ಅವರು ಬರದೇ ಇದ್ದಿದ್ರೆ..." ಮುಂದಿನದನ್ನು ಅವಳು ಸೆರಗಿನಿಂದ ಒರೆಸಿಕೊಂಡಳು.

ಮಗಳು ಕಿಂಡಿಯಿಂದ ಕೈ ತೆಗೆದಿರಲಿಲ್ಲ.

* * *

ಹನ್ನೆರಡು ವರ್ಷದ ಹಿಂದೆ ಯುದ್ಧ ಸಾರಿದ್ದು ಅಮ್ಮ. ಅವಳ ಗುಲಾಬಿ ಗಿಡದ ಎಲೆಗಳ ಅಂಚನ್ನು ಯಾರೋ ನಾಣ್ಯದಷ್ಟು ಗುಂಡಗೆ ಕತ್ತರಿಸಿಕೊಂಡು ಹೋಗುತ್ತಿದ್ದರು. ಅವಳು ಪಂಪಿನಲ್ಲಿ ಔಷಧಿ ಕಲಸಿ ನಿಂತಿದ್ದಳು.

"ಒಂದು ದಿನ ತಡಿಯೇ. ಕಳ್ಳನ ಮುಖನಾದ್ರೂ ನೋಡೋಣ" ಎಂದ ಗಂಡ ಗಿಡದ ಎದುರು ಸ್ಟೂಲು ಹಾಕಿಕೊಂಡು ಕೂತ.

ಹತ್ತು ಗಂಟೆಗೆ ಕಳ್ಳಿ ಬಂದಳು. ಬೂದು ಮೈಯ ಸಣ್ಣ ಜೇನು, ಹೊಟ್ಟೆಯಡಿ ಹಳದಿ ಕೂದಲು. ಹತ್ತು ಎಣಿಸುವಷ್ಟರಲ್ಲಿ ಎಲೆಯನ್ನು ಕತ್ತರಿಸಿ, ಸುರುಳಿ ಸುತ್ತಿ, ಹೊಟ್ಟೆಗವಚಿಕೊಂಡು ಹಾರಿದಳು. ಅವನೂ ಹಿಂದೆಯೇ ಓಡಿದ. ಬಟ್ಟೆ ಒಣಹಾಕುವ ಹಗ್ಗ ದಾಟಿ, ಮನೆಯ ಮೂಲೆ ತಿರುಗಿ ನೋಡಿದರೆ ಅವಳು ಅವನದೇ ಮುಂಬಾಗಿಲ ಬೀಗದೊಳಕ್ಕೆ ಹೊಕ್ಕಿದ್ದಳು.

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಸಂಜೆ ಹೆಂಡತಿಗೂ ಮಗಳಿಗೂ ಹೇಳಿದ: "ಕೆಲಸಕ್ಕೆ ಸೇರಿದ ಹೊಸತು. ಒಂದು ಮನೆ ಬೀಗ ಕಟ್ಕೊಂಡಿತ್ತು. ಕೊಕ್ಕೆ ಹಾಕಿ ಎಳೆದ್ರೆ ಎಲೆಯಲ್ಲಿ ಸುತ್ತಿದ ಪುಟ್ಟ ಬಟ್ಟಲು, ಅದರೊಳಗೆ ಹಳದಿ ಪುಡಿ, ಒಂದು ಬಿಳಿ ಹುಳ. ಯಾರೋ ತರಲೆ ಮಾಡಿದ್ದಾರೆ ಅಂದ್ರು ಮನೆಯವರು. ಊದಿ, ಎಣ್ಣೆ ಬಿಟ್ಟು ಬಂದೆ. ಒಬ್ಬಳ ಮನೆ ಒಡೆದು ಬಂದೆ ಕಣೇ ಅವತ್ತು, ಗೊತ್ತೇ ಆಗ್ಲಿಲ್ಲ."

"ಕಚ್ಚಲ್ವಾಪ್ಪ ಇವು?" ಎಂದಿದ್ದಳು ಮಗಳು.

"ಕಚ್ಚೋಕೆ ಪುರುಸೊತ್ತೆಲ್ಲಿ ಪಾಪ? ಇದು ಗೂಡಲ್ಲಿ ಸಂಸಾರ ಹೂಡೋ ಜೇನಲ್ಲ. ರಾಣಿ ಇಲ್ಲ, ದಂಡು ಇಲ್ಲ. ಒಬ್ಬಳೇ ಕಟ್ಟಬೇಕು, ಒಬ್ಬಳೇ ತುಂಬಬೇಕು, ಒಬ್ಬಳೇ ಬಾಗಿಲು ಹಾಕಬೇಕು."

ಅಮ್ಮ ಔಷಧಿಯನ್ನು ಚೆಲ್ಲಿ ಪಂಪು ತೊಳೆದಿಟ್ಟಳು. ಅಲ್ಲಿಂದ ಮುಂದೆ ಅವನು ಯಾರ ಬೀಗ ಕಟ್ಟಿಕೊಂಡರೂ ಮೊದಲು ಬ್ಯಾಟರಿ ಬಿಟ್ಟು ಇಣುಕುತ್ತಿದ್ದ. ಎಲೆ ಕಂಡರೆ, "ಒಳಗೆ ಜನ ಇದ್ದಾರೆ" ಎಂದು ಬಾಗಿಲ ಮೇಲ್ಗಡೆ ಬೇರೆ ಬೀಗ ಕೂರಿಸಿ, ಆ ಕೆಲಸಕ್ಕೆ ಕೂಲಿ ಬೇಡ ಎನ್ನುತ್ತಿದ್ದ. ತನ್ನ ಮನೆಗೆ ಮಾತ್ರ ಬೇರೆ ಬೀಗವನ್ನೂ ಹಾಕಲಿಲ್ಲ. ಬಾಗಿಲು ಆಡಿದರೆ ಮರಿಗಳಿಗೆ ಕುಲುಕುತ್ತದಂತೆ. ವರ್ಷಕ್ಕೆ ಎರಡು ತಿಂಗಳು ನೆಂಟರಿಷ್ಟರೆಲ್ಲ ಪಾತ್ರೆ ದಾಟಿಕೊಂಡು ಅಡುಗೆಮನೆಯಿಂದಲೇ ಬರಬೇಕಿತ್ತು.

ಮೊನ್ನೆಯೂ ಆ ಸ್ಟೂಲಿನ ಮೇಲೆ ಕೂತು ಮಗಳಿಗೆ ಹೇಳಿದ್ದ: "ಇನ್ನೊಂದು ಕೋಣೆ ಬಾಕಿ ಇದೆ ಅವಳದ್ದು."

* * *

"ಒಂಬತ್ತೂ ಮುಕ್ಕಾಲು" ಎಂದ ಚಿಕ್ಕಪ್ಪ.

ಅಮ್ಮ ಕಿಟಕಿಯಿಂದಲೇ ಕೂಗಿ ಹೇಳಿದಳು: "ಅವಳನ್ನ ಬಿಡಪ್ಪ. ಬೀಗದ ಅಂಗಡಿ ನೋಡ್ಕೊಳ್ತಿರೋದು ಅವಳು. ಅವಳಿಗೆ ಬಿಡು."

ಅಂಗಡಿಯೇನೋ ಅವಳದೇ. ಆದರೆ ಬಂದವರೆಲ್ಲ ಮೊದಲು ಕೇಳುವುದು "ಅಪ್ಪ ಇಲ್ವಾ?" ಅಂತ. ಇವತ್ತು ಹಾಗೆ ಕೇಳಬೇಕಾದವಳು ಅವಳೇ. ಅವಳು ಬೀಗವನ್ನು ನೋಡಿದಳು. ಆಮೇಲೆ, ಎಲ್ಲರೂ ಬೀಗದ ಕಡೆಯನ್ನೇ ನೋಡುತ್ತಾರೆ, ಬಾಗಿಲಿಗೆ ಇನ್ನೊಂದು ಕಡೆಯೂ ಇರುತ್ತದೆ ಎಂದು ಅಪ್ಪ ಹೇಳುತ್ತಿದ್ದದ್ದು ನೆನಪಾಯಿತು.

ಹಿತ್ತಲಿಂದ ಸುತ್ತಿ ಒಳಗೆ ಹೋದಳು. ಬಾಗಿಲನ್ನು ಚೌಕಟ್ಟಿಗೆ ಹಿಡಿದಿಟ್ಟ ಹಿಂಜು ಮೂರು, ಮೂರಕ್ಕೂ ನಡುವೆ ಒಂದೊಂದು ಪಿನ್ನು. ಬಣ್ಣ ಕೆರೆದು ಎಣ್ಣೆ ಬಿಟ್ಟಳು. ಚಿಕ್ಕಪ್ಪ ಸುತ್ತಿಗೆ ಎತ್ತಿಕೊಂಡ.

"ಬೇಡ, ಅದುರತ್ತೆ."

ಇಕ್ಕಳದಲ್ಲಿ ಹಿಡಿದು, ತಿರುಗಿಸಿ, ಇನ್ನಷ್ಟು ಎಣ್ಣೆ ಬಿಟ್ಟು, ಮತ್ತೆ ತಿರುಗಿಸಿದಳು. ಪಿನ್ನುಗಳು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದಾಗಿ ಮೇಲೆದ್ದವು. ಚಿಕ್ಕಪ್ಪ ಸುತ್ತಿಗೆ ಕೆಳಗಿಟ್ಟ. "ಅಣ್ಣನ ಕೈಯೇ ನಿಂದು" ಎಂದ.

ಬೀಗ ಹಾಕಿದ ಬಾಗಿಲು ಬೀಗ ಹಾಕಿಕೊಂಡೇ ಚೌಕಟ್ಟಿನಿಂದ ಕಳಚಿ ಬಂತು. ನಾಲ್ಕು ಜನ ಅದನ್ನು ಚೂರೂ ಓರೆಯಾಗದಂತೆ ನೆಟ್ಟಗೆ ಹಿಡಿದು ಒಳಗೋಡೆಗೆ ಆನಿಸಿದರು. ಇಪ್ಪತ್ತೈದು ದಿನದ ಮೇಲೆ ಮುಂದಿನ ಕೋಣೆಗೆ ಬಿಸಿಲು ಬಂದು ಮಂಚದ ಮೇಲಿದ್ದವನ ಮುಖಕ್ಕೆ ತಾಗಿತು. ಪೆಟ್ಟಿಗೆ ನೇರವಾಗಿ ಒಳಗೆ ಬಂತು, ಅವನನ್ನು ಹೊತ್ತು ನೇರವಾಗಿ ಹೊರಗೆ ಹೋಯಿತು.

"ಹತ್ತೂ ಇಪ್ಪತ್ತು. ಇನ್ನೂ ಟೈಮಿದೆ" ಎಂದ ಚಿಕ್ಕಪ್ಪ ಗಾಡಿ ಹತ್ತಲು ಹೋದ.

"ಇಲ್ನೋಡಿ" ಎಂದಳು ನರ್ಸು.

ಖಾಲಿ ಚೌಕಟ್ಟಿನ ನಡುವೆ, ಸೊಂಟದೆತ್ತರದಲ್ಲಿ, ಎಲೆಯ ಸುರುಳಿ ಅವಚಿಕೊಂಡ ಜೇನು ಗಾಳಿಯಲ್ಲಿ ನಿಂತಿತ್ತು. ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಮತ್ತೆ ಕಿಂಡಿ ಇದ್ದ ಜಾಗಕ್ಕೇ ಬಂದು ನಿಂತಿತು. ಅಲ್ಲಿ ಏನೂ ಇರಲಿಲ್ಲ.

"ಬಂದ ಮೇಲೆ ಹಾಕಿದ್ರಾಯ್ತಮ್ಮ ಬಾಗಿಲು" ಎಂದ ಚಿಕ್ಕಪ್ಪ. "ಹನ್ನೊಂದು ತಪ್ಪಿದ್ರೆ ಸಾಯಂಕಾಲದವರೆಗೂ ಕಾಯಿಸ್ತಾರೆ."

"ಮನೆ ಹೊರಗೆ ನಿಂತಿದ್ದಾಳೆ ಚಿಕ್ಕಪ್ಪ."

ಅಮ್ಮ ಪೆಟ್ಟಿಗೆಯ ಮೇಲೆ ಕೈಯಿಟ್ಟಿದ್ದಳು. "ಇವರಿಗೇನೂ ಅವಸರ ಇಲ್ಲ" ಎಂದಳು.

ಚಿಕ್ಕಪ್ಪ ಗಡಿಯಾರ ನೋಡಿದ, ಚೌಕಟ್ಟು ನೋಡಿದ. ಆಮೇಲೆ ಗಾಡಿಯವನಿಗೆ, "ಇಂಜಿನ್ ಆಫ್ ಮಾಡಪ್ಪ. ಸ್ವಲ್ಪ ತಡ ಆಗತ್ತೆ" ಎಂದು ತಾನೇ ಬಾಗಿಲು ಹಿಡಿಯಲು ಒಳಗೆ ಹೋದ.

ಮೂರು ಪಿನ್ನೂ ಕೂತವು. ಮಗಳು ಹಿತ್ತಲಿಂದ ಸುತ್ತಿ ಬಂದು ಎಲ್ಲರ ಜೊತೆ ನಿಂತಳು. ಅಲ್ಲಿದ್ದವರೆಲ್ಲ ಒಂದಲ್ಲ ಒಂದು ದಿನ ತಮ್ಮ ಮನೆಯ ಹೊರಗೆ ಹೀಗೆಯೇ ಉಸಿರು ಬಿಗಿಹಿಡಿದು, ಅವನ ಬೆನ್ನ ಹಿಂದೆ ನಿಂತವರು.

ಜೇನು ಮತ್ತೆ ಬಂತು. ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಬಂದು ಕಿಂಡಿಯ ಅಂಚಿಗೆ ಕೂತಿತು. ಹೊಟ್ಟೆಯಡಿಯ ಸುರುಳಿಯನ್ನು ಸರಿಮಾಡಿಕೊಂಡು ತಲೆ ತೂರಿಸಿತು. ಎಲೆಯ ಹಸಿರು ತುದಿ ಎರಡು ಸಲ ಅಲ್ಲಾಡಿ ಒಳಕ್ಕೆ ಸರಿಯಿತು.

ಚಿಕ್ಕಪ್ಪ ಗಾಡಿಯವನಿಗೆ ಕೈ ಮಾಡಿದ.