ಸುಮಿತ್ರಾಬಾಯಿಯ ಕಂಪ್ಯೂಟರಿಗೆ ವಿಂಡೋಸ್ ಬಂದದ್ದು

ಅಫಜಲಪುರದ ಸುಮಿತ್ರಾಬಾಯಿ ಮನೆಯ ಪಡಸಾಲೆಯಲ್ಲೇ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದಳು. ಅಲ್ಲೊಂದು ಕಂಪ್ಯೂಟರ್ ಇತ್ತು; ಗಂಡನ ಅಣ್ಣ ಚಂದ್ರಾಮಪ್ಪನ ಅಂಗಡಿಯಿಂದಲೇ ಕೊಂಡದ್ದು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಮೂಡಿಸುವ ಡಾಸ್ ಯಂತ್ರ. ತೊಂಬತ್ತಾರರ ಬೇಸಿಗೆಯಲ್ಲಿ ಅವಳ ಶಿಷ್ಯೆ ಭಾಗಮ್ಮ ಕಲಬುರ್ಗಿಗೆ ಕೆಲಸ ಕೇಳಲು ಹೋದವಳು ಮುಖ ಸಣ್ಣದು ಮಾಡಿಕೊಂಡು ಬಂದಳು.

“ವಿಂಡೋಸ್ ಬರ್ತದೇನು ಅಂತ ಕೇಳಿದ್ರು ಅಕ್ಕಾರ. ಬರಂಗಿಲ್ಲ ಅಂದೆ, ಹೊಳ್ಳಿ ಕಳಿಸಿದ್ರು.”

ಆ ಸಂಜೆಯೇ ಸುಮಿತ್ರಾಬಾಯಿ ಚಂದ್ರಾಮಪ್ಪನನ್ನು ವಿಚಾರಿಸಿದಳು. ಅವನು ಬಸ್ ಸ್ಟ್ಯಾಂಡಿನ ಎದುರು ಹೊಸದಾಗಿ ಕಂಪ್ಯೂಟರ್ ಕ್ಲಾಸ್ ತೆರೆಯುವವನಿದ್ದ.

“ನಿನ್ನ ಡಬ್ಬಿ ಮುದುಕಿ ಆಗ್ಯದ. ವಿಂಡೋಸ್ ಹಾಕಿದ್ರ ಇದ್ದದ್ದೂ ಹೋಗ್ತದ. ಹುಡುಗ್ಯಾರನ್ನ ನನ್ನ ಕಡಿ ಕಳಿಸು.”

ಅವಳ ಮೈಯೆಲ್ಲ ಉರಿಯಿತು. ಮಾರುವಾಗ ಇದೇ ಡಬ್ಬಿಯನ್ನು ಅವನು ಆನೆ ಎಂದು ಹೊಗಳಿದ್ದ.

ಕಲಬುರ್ಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಗೆಳತಿ ಗೌಸಿಯಾಬೇಗಂ ಮಾತ್ರ, “ಆಗ್ತದ. ಸ್ವಲ್ಪ ನಿಧಾನ ನಡೀತದ, ಅಷ್ಟೆ” ಎಂದಳು. ರವಿವಾರ ವಿಂಡೋಸ್ ಫ್ಲಾಪಿಗಳ ಡಬ್ಬಿ, ಒಂದು ಮೌಸ್ ಹಿಡಿದುಕೊಂಡೇ ಬಸ್ಸಿಳಿದಳು.

ಸುಮಿತ್ರಾಬಾಯಿ ಹುಡುಗಿಯರ ಪಾಠಗಳನ್ನೆಲ್ಲ ಬೇರೆ ಫ್ಲಾಪಿಗೆ ಇಳಿಸಿಕೊಂಡಳು. ಜಾಗ ಸಾಲದಾದಾಗ ಚಂದ್ರಾಮಪ್ಪ ತುಂಬಿಕೊಟ್ಟಿದ್ದ ಆಟಗಳನ್ನು ಅಳಿಸಿಹಾಕಿದಳು. ಆಮೇಲೆ ಪರದೆ ಕೇಳಿದಂತೆಲ್ಲ ಒಂದೊಂದೇ ಫ್ಲಾಪಿ ತೂರಿಸುತ್ತ ಕುಳಿತಳು. ಯಂತ್ರದ ಗರಗರ ಸದ್ದು ಕೇಳಿ ಗಂಡ ದತ್ತಪ್ಪ ಹೆದರಿದ. ಓಡಿಹೋಗಿ ಅಣ್ಣನನ್ನು ಕರೆತಂದ.

ಚಂದ್ರಾಮಪ್ಪ ಬಂದವನೇ ಸ್ವಿಚ್ಚಿಗೆ ಕೈ ನೀಡಿದ. ಸುಮಿತ್ರಾಬಾಯಿ ಎದ್ದು ಅಡ್ಡ ನಿಂತಳು.

“ಕೈ ಹಚ್ಚಬ್ಯಾಡ್ರಿ ಭಾವಾರ.”

“ಕೆಟ್ರ ನಾ ರಿಪೇರಿ ಮಾಡಂಗಿಲ್ಲ ನೋಡು.”

“ಕೆಟ್ರ ನನ್ನ ಡಬ್ಬಿ ಕೆಡ್ತದ. ನಿಮ್ಮ ಅಂಗಡಿಗಿ ಹೊತ್ಕೊಂಡು ಬರಂಗಿಲ್ಲ.”

ಆ ಹೊತ್ತಿಗೇ ಕರೆಂಟು ಹೋಯಿತು. ಚಂದ್ರಾಮಪ್ಪ ನಗುತ್ತ ಮಂಚದ ಮೇಲೆ ಕುಳಿತ. “ಸಾಕು ಬಿಡು” ಎಂದು ದತ್ತಪ್ಪ ಗೊಣಗಿದ. ಅವಳು ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿ ತಂದಳು.

ಕರೆಂಟು ಬಂದಾಗ ಪರದೆಯ ಮೇಲೆ ಹಳೆಯದೂ ಇಲ್ಲ, ಹೊಸದೂ ಇಲ್ಲ. ಗೌಸಿಯಾಬೇಗಂ ಕೀಲಿಗಳನ್ನು ಒತ್ತಿ ನೋಡಿ, “ಮತ್ತ ಮೊದ್ಲಿಂದ ಹಾಕಬೇಕು” ಎಂದಳು.

“ಈಗ ಏನ್ ಮಾಡ್ತಿ?” ಚಂದ್ರಾಮಪ್ಪ ಕೇಳಿದ.

“ಮೊದ್ಲಿಂದ ಹಾಕ್ತೇನಿ. ಮತ್ತ ಹೋತಂದ್ರ ಮತ್ತ ಹಾಕ್ತೇನಿ. ನೀವು ಕುಂಡ್ರೋದಿದ್ರ ಕುಂಡ್ರಿ, ಹೋಗೋದಿದ್ರ ಹೋಗ್ರಿ.”

ಮದುವೆಯಾದಂದಿನಿಂದ ಅವಳು ಭಾವನ ಎದುರು ಅಂಥ ಮಾತು ಆಡಿರಲಿಲ್ಲ. ಅವನು ಹೋಗಲಿಲ್ಲ, ಹಟಕ್ಕೆ ಬಿದ್ದು ಕುಳಿತ. ಹೊತ್ತು ಇಳಿಯುವಾಗ ಪರದೆಯ ತುಂಬ ವಿಂಡೋಸಿನ ನೀಲಿ ಆಕಾಶ, ಬಿಳಿ ಮೋಡ ಮೂಡಿದವು. ಗೌಸಿಯಾಬೇಗಂ ಅವಳ ಭುಜ ಹಿಡಿದಳು. ಚಂದ್ರಾಮಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತ, “ಪ್ರಿಂಟರ್ ನಡೀತದೇನು ನೋಡು” ಎಂದ.

ಪ್ರಿಂಟರ್ ನಡೆಯಲಿಲ್ಲ. ಅದನ್ನು ದಾರಿಗೆ ತರಲು ಮತ್ತೊಂದು ರವಿವಾರ ಬೇಕಾಯಿತು.

ವಿಂಡೋಸ್ ಬಂದ ಮರುದಿನ ಭಾಗಮ್ಮ ಮೌಸ್ ಹಿಡಿದಾಗ ಬಾಣದ ಗುರುತು ಮೂಲೆಗೆ ಓಡಿ ಮರೆಯಾಯಿತು. “ಎಲ್ಲಿ ಹೋತ್ರಿ ಅಕ್ಕಾರ?” ಎಂದಳು. ಹುಡುಗಿಯರೆಲ್ಲ ನಕ್ಕರು, ಸುಮಿತ್ರಾಬಾಯಿಯೂ ನಕ್ಕಳು.

ಆ ವಾರವೇ ಪೇಂಟರನನ್ನು ಕರೆಸಿ ಬಾಗಿಲ ಮೇಲೆ ‘ವಿಂಡೋಸ್ ಕಲಿಸಲಾಗುವುದು’ ಎಂದು ಬರೆಸಿದಳು. “ಅಕ್ಷರ ಸಣ್ಣವು ಇರ್ಲಿ, ಅಣ್ಣ ನೋಡ್ತಾನ” ಎಂದ ದತ್ತಪ್ಪ.

“ನೋಡ್ಲಿ” ಎಂದಳು ಸುಮಿತ್ರಾಬಾಯಿ. ಪೇಂಟರನ ಕಡೆ ತಿರುಗಿ, “ಬಸ್ ಸ್ಟ್ಯಾಂಡಿಗಿ ಕಾಣ್ಬೇಕು, ದೊಡ್ಡವು ಬರಿ” ಎಂದಳು.