ಮುಂದಿನ ಸೀಟಿನ ದ್ರಾಕ್ಷಾಯಣಮ್ಮ

ದ್ರಾಕ್ಷಾಯಣಮ್ಮನವರು ಯಾವ ವಸ್ತುವನ್ನೂ ಅಲ್ಲಾಡಿಸಿ ನೋಡದೆ ನಂಬಿದವರಲ್ಲ. ಗಡಿಯಾರವಾಗಲಿ, ಬೀಗವಾಗಲಿ, ಔಷಧಿಯ ಸೀಸೆಯಾಗಲಿ, ಕೈಗೆ ಬಂದೊಡನೆ ಅದನ್ನೆತ್ತಿ ಎಡಗಿವಿಯ ಬಳಿ ಹಿಡಿದು, ಕಣ್ಣು ಅರೆಮುಚ್ಚಿ, ಒಮ್ಮೆ ಕುಲುಕಿ, ಒಳಗಿನಿಂದ ಬಂದ ಅಥವಾ ಬಾರದ ಸದ್ದನ್ನು ಧ್ಯಾನಿಸಿ, ಆಮೇಲೆಯೇ ತೀರ್ಪು ಕೊಡುತ್ತಿದ್ದರು. ನಮ್ಮ ತೆಂಗಿನ ಸೀಮೆಯಲ್ಲಿ ಇದನ್ನು ಯಾರೂ ಹುಚ್ಚೆನ್ನುವುದಿಲ್ಲ. ಅಟ್ಟದ ಮೇಲೆ ವರ್ಷದುದ್ದಕ್ಕೂ ಮಲಗಿದ ಕಾಯಿ ಕೊಬ್ಬರಿಯಾಯಿತೋ ಇಲ್ಲವೋ ಎಂದು ಒಡೆಯದೆ ತಿಳಿಯಲು ಕಿವಿಯೊಂದೇ ಸಾಧನ. ನೀರು ಉಳಿದಿದ್ದರೆ ಕುಳುಕುಳು ಎನ್ನುತ್ತದೆ, ನೀರಿಂಗಿ ತಿರುಳು ಚಿಪ್ಪನ್ನು ಬಿಟ್ಟಿದ್ದರೆ ಗುಡುಗುಡು ಎನ್ನುತ್ತದೆ. ಆದರೆ ಬೆಂಗಳೂರಿನ ಅಂಗಡಿಯೊಂದರಲ್ಲಿ ಹೊಚ್ಚ ಹೊಸ ಮಾರುತಿ ಕಾರಿನ ನೆತ್ತಿಯ ಮೇಲೆ ಅಂಗೈಯೂರಿ, ಅದನ್ನು ತೊಟ್ಟಿಲಿನಂತೆ ತೂಗಿ, ಕಿವಿಗೊಟ್ಟು ನಿಂತವರು ಅವರೊಬ್ಬರೇ ಇರಬೇಕು. ಮಾರುವ ಹುಡುಗ ಬೆವೆತು, "ಅಮ್ಮಾ, ಏನೂ ಸದ್ದು ಬರೋದಿಲ್ಲ" ಎಂದನಂತೆ. "ಕಾಯಾದ್ರೆ ಸದ್ದು ಬರ್ಬೇಕು, ಗಾಡಿಯಾದ್ರೆ ಬರಬಾರ್ದು. ಅಷ್ಟೂ ತಿಳೀದೇನಪ್ಪ ನಂಗೆ? ಇದ್ನೇ ಕೊಡು" ಎಂದರಂತೆ ಇವರು.

ನಾನಾಗ ಮಾಯಸಂದ್ರದ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅಲ್ಲಿಂದ ಒಳಗೆ, ಕೆರೆಯ ಆಚೆಗಿದ್ದ ಅವರ ಊರಿನಲ್ಲಿ, ಅವರದೇ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದೆ. ಸಾವಿರದ ಒಂಬೈನೂರ ಎಂಬತ್ತಾರರ ಒಂದು ಮಧ್ಯಾಹ್ನ ಬಿಳಿಯ ಪುಟ್ಟ ಕಾರು ಬಂದು, ಹಿಂದೆ ಎಮ್ಮೆ ಕಟ್ಟುತ್ತಿದ್ದ ಚಪ್ಪರದಡಿ ಅಳತೆ ಕೊಟ್ಟು ಹೊಲಿಸಿದ ಹಾಗೆ ನಿಂತಿತು. ಊರಿಗೆ ಊರೇ ನೆರೆಯಿತು. ದ್ರಾಕ್ಷಾಯಣಮ್ಮ ಕುಳ್ಳಗಿದ್ದರು, ಸ್ಟೇರಿಂಗಿನ ಮೇಲಿಂದ ದಾರಿ ಕಾಣಲೆಂದು ಗೋಣಿತಾಟೊಂದನ್ನು ಮಡಿಸಿ ಅಡಿಗೆ ಹಾಕಿಕೊಳ್ಳುತ್ತಿದ್ದರು. ಸೀರೆಯ ಮೇಲೆ ಗಂಡನ ಕಪ್ಪು ಕೋಟು, ತೋಳನ್ನು ಮೊಣಕೈತನಕ ಮಡಚಿದ್ದು. ನಡಿಗೆಯೋ, ಮರದಿಂದ ಮರಕ್ಕೆ ಹೆಜ್ಜೆ ಹಾಕಿ ಅಂತರ ಅಳೆಯುವವರದು. ದೇವಸ್ಥಾನದ ಅಂಗಳದಲ್ಲೂ ಅದೇ ದಾಪುಗಾಲು. ಗಂಡ ಮರುಳಸಿದ್ದಯ್ಯನವರು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಊರಿನ ಬಾಯಿಗೆ ಬೀಗವುಂಟೇ? ಆಡಿತು. ಇವರು ಕೇಳಿಸಿಕೊಂಡು, "ಆಡ್ಲಿ ಬುಡಿ, ನಾಲ್ಗೆಗೆ ಪೆಟ್ರೋಲ್ ಬೇಕಾ?" ಎಂದು ನಕ್ಕರು.

ಡ್ರೈವಿಂಗ್ ಕಲಿಸಿದವನು ನಿವೃತ್ತ ಬಸ್ ಡ್ರೈವರ್ ದುರ್ಗಯ್ಯ. ಗುರುವಿನ ಗುಣ ಶಿಷ್ಯೆಗೆ ಹೇಗೆ ಅಂಟಿತೆಂದರೆ, ಇವರ ಕಾರು ದಾರಿಯ ಪ್ರತಿ ಬಸ್ ಸ್ಟಾಪಿನಲ್ಲೂ ನಿಲ್ಲುತ್ತಿತ್ತು. ಯಾರಿರಲಿ, ಇಲ್ಲದಿರಲಿ, ನಿಲ್ಲುವುದೇ. ಹಾರ್ನ್ ಬಾರಿಸಿ, ಅತ್ತಿತ್ತ ನೋಡಿ, ಆಮೇಲೆ ಮುಂದಕ್ಕೆ. ಕೇಳಿದ್ದಕ್ಕೆ, "ಗಾಡಿ ಅಂದ್ಮೇಲೆ ನಿಲ್ಲೋ ಕಡೆ ನಿಲ್ಬೇಕು ಕಣ್ರೀ ಮೇಷ್ಟ್ರೇ" ಎಂಬ ಉತ್ತರ ಬಂತು. ಹೀಗೆ ನಿಂತು ನಿಂತು ಮೊಟ್ಟೆಯಿಡುವ ಕೋಳಿ, ಬಾಣಂತಿ, ಹಲಸಿನ ಹಣ್ಣು, ಒಮ್ಮೆ ಕಾಲು ಮುರಿದ ಕರು, ಎಲ್ಲವೂ ಆ ಕಾರಿನಲ್ಲಿ ಪಯಣಿಸಿದವು.

ಅಷ್ಟು ಅನುಕೂಲಸ್ಥರು ಇಷ್ಟು ಚಿಕ್ಕ ಕಾರನ್ನೇಕೆ ಕೊಂಡರು ಎಂಬುದು ಜನರ ಒಗಟಾಗಿತ್ತು. ಅವರು ಒಬ್ಬೊಬ್ಬರಿಗೆ ಒಂದೊಂದು ಕಾರಣ ಹೇಳುತ್ತಿದ್ದರು, ಸುಳ್ಳು ಯಾವುದೂ ಅಲ್ಲ. ಜಿಪುಣರಿಗೆ ಪೆಟ್ರೋಲಿನ ಮಾತು. ತೋಟದವರಿಗೆ, ಎರಡು ಸಾಲು ಮರದ ನಡುವೆ ನುಗ್ಗಿ ತಿರುಗಿಕೊಳ್ಳುವ ಅದರ ಜಾಣತನ. ಗಾಡಿಯವರಿಗೆ, ಎದುರಿಗೆ ಎತ್ತು ಬಂದರೆ ಬೇಲಿಗೊರಗಿ ದಾರಿ ಬಿಡುವ ಅದರ ವಿನಯ. "ಎತ್ತು ಯಾಕೆ ಹಳ್ಳಕ್ಕಿಳೀಬೇಕು, ನಾನೇ ಸರ್ಕೋತೀನಿ" ಎಂದು ನಿಜವಾಗಿಯೂ ಸರಿಯುತ್ತಿದ್ದರು. ಕೆಟ್ಟು ನಿಂತರೆ ತಾನೊಬ್ಬಳೇ ತಳ್ಳಬಹುದು ಎಂಬುದು ಇನ್ನೊಂದು. ನನಗೆ ಹೇಳಿದ ಕಾರಣ ಮಾತ್ರ ಬೇರೆಯದು. ಅವಿಭಕ್ತ ಕುಟುಂಬದಲ್ಲಿ ಒಂದು ಅಂಬಾಸಿಡರ್ ಇತ್ತು. ಮದುವೆಯಾಗಿ ಬಂದಂದಿನಿಂದ ಅದರ ಹಿಂದಿನ ಸೀಟಿನಲ್ಲಿ, ಅತ್ತೆಯ ಪಕ್ಕ, ತೊಡೆಯ ಮೇಲೆ ಬುತ್ತಿಯ ಪಾತ್ರೆ ಇಟ್ಟುಕೊಂಡು ಇವರು ಕೂತವರು. "ಎಷ್ಟು ಸಲ ತಿಪಟೂರಿಗೆ ಹೋಗಿದ್ದೀನಿ, ದಾರಿ ಹೆಂಗೈತೆ ಅಂತ ಗೊತ್ತಿರ್ಲಿಲ್ಲ ಕಣ್ರೀ. ನಾನು ಕಂಡಿದ್ದು ಬರೀ ಡ್ರೈವರ್ ತಲೆ. ದೊಡ್ಡ ಕಾರು ತಗಂಡ್ರೆ ಡ್ರೈವರ್ ಬತ್ತಾನೆ, ಡ್ರೈವರ್ ಬಂದ್ರೆ ನಾನು ಹಿಂದಕ್ಕೋಗ್ತೀನಿ. ಸಾಕಾಗೈತೆ ನಂಗೆ."

ಕೆಲವು ಸಂಜೆ ಅವರು ಸುಮ್ಮನೆ ಹೊರಡುತ್ತಿದ್ದರು. ಸಾಮಾನಿಲ್ಲ, ಕೆಲಸವಿಲ್ಲ; ಮಾಯಸಂದ್ರದವರೆಗೆ ಹೋಗಿ, ಗಾಜು ಇಳಿಸಿ ಗಾಳಿ ಕುಡಿದು, ಬರುವುದು. ಎಲ್ಲಿಗೆ ಹೋಗಿದ್ದಿರಿ ಎಂದವರಿಗೆ, "ಸುಮ್ನೆ! ಗಂಡಸ್ರು ಸುಮ್ನೆ ಹೋಗಲ್ವಾ?" ಎನ್ನುವಾಗ ಆ ಮುಖದಲ್ಲಿ ಎಂಥ ಹಿಗ್ಗು! ನನಗೆ ಅವರ ಮೇಲಿನ ಗೌರವ ಹುಟ್ಟಿದ್ದು ಆ 'ಸುಮ್ನೆ'ಯಿಂದ.

ಇಷ್ಟಾದರೂ ಆ ಕಾರು ಬರೀ ಸಂತೋಷದ ಸಂಗತಿಯಾಗಿರಲಿಲ್ಲ. ಅವರಿಗಿದ್ದದ್ದು ಎರಡು ತೋಟ, ಒಂದು ಊರ ಪಕ್ಕ, ಇನ್ನೊಂದು ದೂರದ ಸಂಪಿಗೆ ಎಂಬ ಊರಿನ ಕಡೆ. ಮೈದುನ ಗಂಗಾಧರಯ್ಯ, ಪಾಲಿನಲ್ಲಿ ಅಂಬಾಸಿಡರ್ ಪಡೆದವರು, ಅಣ್ಣ ಹೋದ ಹದಿಮೂರನೆಯ ದಿನವೇ ಹೇಳಿದ್ದರು: "ಅತ್ತಿಗೆ, ಸಂಪಿಗೆ ಕಡೀಗೆ ಬಸ್ಸಿಲ್ಲ ಗಿಸ್ಸಿಲ್ಲ, ಈ ಓಡಾಟ ನಿಮ್ಗ್ಯಾಕೆ? ಎರಡು ತೋಟಾನೂ ನಾನೇ ನೋಡ್ಕೋತೀನಿ. ನೀವು ಮನೇಲಿ ಆರಾಮಾಗಿರಿ." ಆ ಮಾತಿನಲ್ಲಿ ಕಪಟವಿರಲಿಲ್ಲ, ತೊಡಕಾದದ್ದೇ ಅದು. ಕಪಟಿಯಾದರೆ ಜಗಳವಾಡಬಹುದು, ಕರುಣಾಳುವಿನೊಡನೆ ಆಡುವುದು ಹೇಗೆ? ಹಿರಿಯರು ಜಗಲಿಯ ಮೇಲೆ ಕೂತು ಒಂದು ನ್ಯಾಯ ಮಾಡಿದರು. ಅಟ್ಟ ಸೇರಿರುವ ಕಾಯಿ ಕೊಬ್ಬರಿಯಾಗಿ ಇಳಿಯುವವರೆಗೆ ದ್ರಾಕ್ಷಾಯಣಮ್ಮನೇ ನೋಡಿಕೊಳ್ಳಲಿ. ತಿಪಟೂರಿನ ಹರಾಜಿನ ದಿನ ತನ್ನ ಮಾಲಿನ ಮುಂದೆ ತಾನೇ ಬಂದು ನಿಂತರೆ ತೋಟ ಆಕೆಯ ಕೈಯಲ್ಲಿರಲಿ. ಇಲ್ಲವಾದರೆ ಮೈದುನನ ಸುಪರ್ದಿಗೆ. ಹೆಂಗಸೊಬ್ಬಳು ಆ ಮಾರುಕಟ್ಟೆಯಲ್ಲಿ ನಿಂತದ್ದನ್ನು ಮನೆತನದಲ್ಲಿ ಯಾರೂ ಕಂಡಿರಲಿಲ್ಲವಾದ್ದರಿಂದ, ತೀರ್ಮಾನ ಆಗಲೇ ಆಗಿಹೋಯಿತೆಂದು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಎದ್ದರು. ಇವರು ಮರುವಾರವೇ ಹೊಸ ಕಾರು ಕೊಳ್ಳುವವರ ಪಟ್ಟಿಯಲ್ಲಿ ಹೆಸರು ಬರೆಸಿದರು.

ಹರಾಜಿನ ದಿನ ಬಂತು. ಮಾಲೆಲ್ಲ ಹಿಂದಿನ ಸಂಜೆಯೇ ಲಾರಿಯಲ್ಲಿ ಹೋಗಿತ್ತು. ಲಾರಿಯಲ್ಲಿ ಹಿಡಿಸದೆ ಉಳಿದ ಮೂಟೆಗಳನ್ನು ಕಾರಿನ ಹಿಂಭಾಗಕ್ಕೆ ತುರುಕಿ, ಅವುಗಳ ಸಂದಿಯಲ್ಲಿ ಕೊಬ್ಬರಿ ಸುಲಿಯುವ ಕೆಂಪಕ್ಕ, ಭೂತಮ್ಮ ಇಬ್ಬರನ್ನೂ ಕೂರಿಸಿದರು. ರಜೆಯಿದ್ದುದರಿಂದ ನಾನೂ ಹೊರಟು ಮುಂದೆ ಕೂತೆ. ರಾತ್ರಿ ಹುಯ್ದ ಮಳೆಗೆ ಕೆರೆಯ ಏರಿಗೆ ಹತ್ತುವ ಇಳಿಜಾರು ಎಣ್ಣೆ ಸವರಿದಂತಾಗಿತ್ತು. ಕಾರು ಅರ್ಧ ಹತ್ತಿತು, ಮುಂದಿನ ಚಕ್ರಗಳು ನಿಂತಲ್ಲೇ ಗಿರಗಿರನೆ ತಿರುಗಿ ಕೆಸರು ಕಾರಿದವು, ಹಿಂದಕ್ಕೆ ಜಾರಿತು. ಮತ್ತೆ ಹತ್ತಿದೆವು, ಮತ್ತೆ ಜಾರಿದೆವು. ಹೆಂಗಸರಿಳಿದು ತಳ್ಳಿದರು, ಸೀರೆಯೆಲ್ಲ ಕೆಸರಾಯಿತೇ ಹೊರತು ಕಾರು ಕದಲಲಿಲ್ಲ.

ಅಷ್ಟರಲ್ಲಿ ಹಿಂದೆ ಅಂಬಾಸಿಡರ್ ಬಂದು ನಿಂತಿತು. ಅದೇ ಹರಾಜಿಗೆ ಹೊರಟಿದ್ದ ಗಂಗಾಧರಯ್ಯ ಪಂಚೆ ಎತ್ತಿ ಕಟ್ಟಿ ಇಳಿದರು. ತೋಟದ ಕೆಲಸದ ಗಂಡಸರೂ ಸೇರಿದರು. "ಈ ಬೆಂಕಿಪೊಟ್ಣ ಏರಿ ಹತ್ತಾದುಂಟಾ ಅತ್ತಿಗೆ? ಹೊತ್ತಾಯ್ತದೆ. ಮೂಟೆ ನನ್ನ ಕಾರಿಗೆ ಹಾಕ್ಸಿ, ನೀವೂ ಬನ್ನಿ, ಹಿಂದೆ ಜಾಗ ಐತೆ" ಎಂದರು, ಮೆತ್ತಗೆ.

ಹಿಂದೆ ಜಾಗ ಐತೆ! ಮೈದುನನ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋದವಳು ತಾನೇ ಬಂದು ನಿಂತಳೆಂದು ಯಾವ ಹಿರಿಯ ಒಪ್ಪಿಯಾನು? ನೆರೆದವರಿಗೆಲ್ಲ ಅದು ಗೊತ್ತಿತ್ತು. ದ್ರಾಕ್ಷಾಯಣಮ್ಮ ಕೆಳಗಿಳಿದು, ಕಾರಿನ ಮೂತಿಯ ಮೇಲೆ ಅಂಗೈಯಿಟ್ಟು, ಅಂದು ಅಂಗಡಿಯಲ್ಲಿ ಮಾಡಿದಂತೆಯೇ ಕಣ್ಣು ಅರೆಮುಚ್ಚಿ ತೂಗಿದರು. ಮೂತಿ ಹಗುರಾಗಿ ಮೇಲೆದ್ದು ಆಡಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು! ಹಿಂಭಾರ ಆಗೈತೆ ಕಣೇ ಕೆಂಪಕ್ಕ" ಎಂದು ಹಣೆ ಚಚ್ಚಿಕೊಂಡರು. "ಗಾಡಿಗೆ ಹಿಂಭಾರ ಹೇರಿದ್ರೆ ಏನಾಯ್ತದೆ? ನೊಗ ಮೇಲೇಳ್ತದೆ, ಎತ್ತಿನ ಹೆಗಲಿಗೆ ಊರೋದೇ ಇಲ್ಲ. ಈ ಗಾಡೀಗೆ ಎತ್ತು ಮುಂದಿನ ಚಕ್ರದಾಗವೆ ಅಂತ ದುರ್ಗಯ್ಯ ಬಡ್ಕೊಂಡಿದ್ದ. ನಾನು ಅಂಬಾಸಿಡರ್‌ಗೆ ಹೇರ್ದಂಗೆ ಹಿಂದಕ್ಕೇ ಹೇರ್ಬುಟ್ಟೆ."

ಮೂಟೆಯೊಂದನ್ನು ಎಳೆದು ತಂದು ನನ್ನ ತೊಡೆಯ ಮೇಲೆ ಕೂರಿಸಿದರು. ನಾನು ಇಳಿಯಹೋದರೆ, "ನೀವು ಕೂತಿರಿ ಮೇಷ್ಟ್ರೇ, ಇವತ್ತಾದ್ರೂ ನಿಮ್ಮ ಮೈ ಉಪಯೋಗಕ್ಕೆ ಬರ್ಲಿ" ಎಂದರು. ಉಳಿದ ಮೂಟೆಗಳನ್ನು ಗಂಡಸರು ಏರಿಯ ಮೇಲಕ್ಕೆ ಹೊತ್ತರು. ಕಾರನ್ನು ಮಟ್ಟಸದ ಜಾಗಕ್ಕೆ ಇಳಿಸಿ, ಮೂತಿ ಊರ ಕಡೆಗೂ ಬೆನ್ನು ಏರಿಯ ಕಡೆಗೂ ಆಗುವಂತೆ ತಿರುಗಿಸಿದರು. "ಮನೆಗೋದಂಗೆ!" ಎಂದು ಯಾರೋ ಕಿಸಕ್ಕನೆ ನಕ್ಕರು. ಇವರು ಬಾಗಿಲು ಅರೆ ತೆರೆದು, ಕೋಟಿನ ತೋಳು ಇನ್ನಷ್ಟು ಮೇಲೇರಿಸಿ, ತಲೆ ಹೊರಗೆ ಹಾಕಿ, ರಿವರ್ಸ್ ಗೇರಿನಲ್ಲಿ ಬಿಟ್ಟರು ನೋಡಿ! ಭಾರವೆಲ್ಲ ತಗ್ಗಿನ ಕಡೆಗಿದ್ದ, ಗಾಡಿ ಎಳೆಯುವ ಆ ಮುಂದಿನ ಚಕ್ರಗಳ ಮೇಲೆ ಕೂತಿತು. ಕಾರು ನಡುಗುತ್ತ, ಗೊಣಗುತ್ತ, ಒಂದೊಂದೇ ಮೊಳ ಹಿಂದುಹಿಂದಾಗಿಯೇ ಏರಿಯ ನೆತ್ತಿಗೆ ಹತ್ತಿಬಿಟ್ಟಿತು. ನನ್ನ ಕಣ್ಣಿಗೆ ಕೆಳಗಿನ ಜನ, ಬಾಯಿ ತೆರೆದ ಗಂಗಾಧರಯ್ಯ, ಎಲ್ಲರೂ ಸಣ್ಣಗಾಗುತ್ತ ಹೋದರು. ಮೂಟೆಯನ್ನು ಅಪ್ಪಿಕೊಂಡು ನಾನು ಮಗುವಿನ ಹಾಗೆ ಕೂಗಿದೆ. ಭೂತಮ್ಮ ಕೆಸರಿನಲ್ಲೇ ಕುಣಿದಳು.

ಅಂದು ತಿಪಟೂರಿನಲ್ಲಿ ಹರಾಜು ಕೂಗುವ ಹೊತ್ತಿಗೆ, ಕೆಸರು ಮೆತ್ತಿದ ಕರಿಕೋಟಿನ ಕುಳ್ಳ ಹೆಂಗಸೊಬ್ಬರು ತಮ್ಮ ಕೊಬ್ಬರಿ ರಾಶಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. ಸ್ವಲ್ಪ ತಡವಾಗಿ ಬಂದ ಗಂಗಾಧರಯ್ಯ ದೂರದಿಂದಲೇ ನೋಡಿ, ಹತ್ತಿರ ಬಂದು, "ಬಂದ್ರಲ್ಲಾ ಅತ್ತಿಗೆ" ಎಂದರು. "ಬಂದೆ ಕಣಪ್ಪ" ಎಂದರು ಇವರು. ತೋಟದ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಎರಡು ವರ್ಷದ ಮೇಲೆ ಗಂಗಾಧರಯ್ಯನವರ ಕಣ್ಣಿಗೆ ಪೊರೆ ಬಂತು. ಡ್ರೈವರು ಬಿಟ್ಟುಹೋದ, ಅಂಬಾಸಿಡರ್ ಕೊಟ್ಟಿಗೆಯಲ್ಲಿ ಕೋಳಿಗಳ ಪಾಲಾಯಿತು. ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನಿಂತಿದ್ದರು. ನಮ್ಮ ಕಾರು ಯಥಾಪ್ರಕಾರ ನಿಂತಿತು. ಅವರು ತಡವರಿಸಿ ಹಿಂದಿನ ಬಾಗಿಲಿಗೆ ಕೈ ಹಾಕಿದರು. ದ್ರಾಕ್ಷಾಯಣಮ್ಮ ಬಗ್ಗಿ ಹೇಳಿದರು: "ಅಲ್ಲಿ ಬ್ಯಾಡ ಕಣಪ್ಪ, ಮುಂದೆ ಬಾ. ಹಿಂದೆ ಕೂತ್ರೆ ದಾರಿ ಕಾಣಾಕಿಲ್ಲ. ಮೇಷ್ಟ್ರು ಹಿಂದಕ್ಕೋಗ್ತಾರೆ." ನಾನು ಹೋದೆ.

ತಮ್ಮ ಕೈಗೆ ನಿಲುಕುವಷ್ಟನ್ನೇ ಆರಿಸಿಕೊಂಡು, ಅದನ್ನು ಪೂರ್ತಿ ತಮ್ಮದಾಗಿಸಿಕೊಳ್ಳುವ ಜನ ಲೋಕದಲ್ಲಿ ವಿರಳ. ಅವರ ಆಯ್ಕೆ ಚಿಕ್ಕದೆಂದು ನಾವು ಬಡತನವನ್ನೋ ಜಿಪುಣತನವನ್ನೋ ಊಹಿಸುತ್ತೇವೆ. ಅವರಾದರೋ ತಾವು ನಡೆಸಬಲ್ಲದ್ದನ್ನು ಕೊಂಡು, ತಾವೇ ನಡೆಸಿ, ಗೆದ್ದ ಮೇಲೆ ಸೋತವನಿಗೂ ಪಕ್ಕದಲ್ಲಿ ಜಾಗ ಮಾಡಿಕೊಡುತ್ತಾರೆ. ಅಂದು ತಿಪಟೂರಿನವರೆಗೂ ನಾನು ಹಿಂದೆ ಕೂತಿದ್ದೆ. ಅವರು ಹೇಳಿದ್ದು ನಿಜ: ಅಲ್ಲಿಂದ ದಾರಿ ಕಾಣುವುದಿಲ್ಲ. ಕಂಡದ್ದು ಎರಡು ನರೆತ ತಲೆಗಳು, ಒಂದು ನೆಟ್ಟಗೆ ಮುಂದೆ ನೋಡುತ್ತಿತ್ತು, ಇನ್ನೊಂದು ಅದರ ಕಡೆಗೆ ವಾಲಿ, "ಈಗ ಎಲ್ಲಿಗೆ ಬಂದ್ವಿ ಅತ್ತಿಗೆ?" ಎಂದು ಕೇಳುತ್ತಿತ್ತು.